ದೊಡ್ಡ ತೀರ್ಮಾನ, ಸಣ್ಣ ತೀರ್ಮಾನ: ಯಾವುದಕ್ಕೆ ಎಷ್ಟು ತಲೆ ಕೆಡಿಸಿಕೊಳ್ಳಬೇಕು?

ಹೊಸ ಫೋನ್ ಕೊಳ್ಳುವ ಮುಂಚೆ ವಾರಗಟ್ಟಲೆ ರಿವ್ಯೂ ನೋಡುವವರೇ, ಮುಂದಿನ ಐದಾರು ವರ್ಷ ಎಲ್ಲಿ ದುಡಿಯಬೇಕು ಎಂಬ ಪ್ರಶ್ನೆಗೆ ಒಂದೇ ಕರೆಯಲ್ಲಿ ‘ಆಯ್ತು, ಬರ್ತೀನಿ’ ಅಂದುಬಿಡುತ್ತಾರೆ. ಅಂಗಿಯ ಬಣ್ಣಕ್ಕೆ ಮೀನಮೇಷ ಎಣಿಸುತ್ತೇವೆ. ಯಾವ ಕೋರ್ಸ್ ಓದಬೇಕು ಎಂಬುದನ್ನು ಗೆಳೆಯ ಸೇರಿದ ಅನ್ನುವ ಕಾರಣಕ್ಕೆ ಮುಗಿಸಿಬಿಡುತ್ತೇವೆ. ಯಾವುದಕ್ಕೆ ಎಷ್ಟು ಹೊತ್ತು ಕೊಡಬೇಕು ಎಂಬ ಲೆಕ್ಕವೇ ನಮಗೆ ತಪ್ಪುತ್ತದೆ. ಹಿರಿಯರು ‘ನಿಧಾನವೇ ಪ್ರಧಾನ’ ಅಂದರು, ‘ಶುಭಸ್ಯ ಶೀಘ್ರಂ’ ಅಂತಲೂ ಅಂದರು. ಯಾವುದು ಯಾವಾಗ ಎಂದು ಮಾತ್ರ ಹೇಳಿಹೋಗಲಿಲ್ಲ.

ಕೆಳಗಿನ ಎಲ್ಲ ಹಂತಗಳನ್ನೂ ಎಲ್ಲ ತೀರ್ಮಾನಕ್ಕೂ ಬಳಸಲು ಹೋಗಬೇಡಿ. ದಿನನಿತ್ಯದ ಬಹುಪಾಲು ತೀರ್ಮಾನಗಳು ಎರಡನೇ ಹಂತದಲ್ಲೇ ಮುಗಿಯಬೇಕು. ಅಲ್ಲಿ ಮುಗಿಯದವು ಮಾತ್ರ ಮುಂದಕ್ಕೆ ಹೋಗಲಿ.

ಹಂತ 1: ಮೊದಲು ಗಾತ್ರ ಅಳೆಯಿರಿ

ಎದುರಿಗಿರುವ ವಿಷಯದ ಬಗ್ಗೆ ಮೂರು ಪ್ರಶ್ನೆ ಕೇಳಿಕೊಳ್ಳಿ. ತಪ್ಪಾದರೆ ಹಿಂದಕ್ಕೆ ಬರಬಹುದೇ? ಬರಬಹುದಾದರೆ ಹಣ, ಸಮಯ, ಸಂಬಂಧ ಇವುಗಳಲ್ಲಿ ಎಷ್ಟು ನಷ್ಟ? ಒಂದು ವರ್ಷದ ನಂತರವೂ ಇದರ ಪರಿಣಾಮ ನನ್ನ ಮೇಲೋ ನನ್ನವರ ಮೇಲೋ ಇರುತ್ತದೆಯೇ? ಹಿಂದಕ್ಕೆ ಬರಲು ಸುಲಭ, ವರ್ಷದ ನಂತರ ನೆನಪೂ ಇರುವುದಿಲ್ಲ ಅನ್ನುವುದಾದರೆ ಅದು ಸಣ್ಣದು. ಮಗು ಬೇಕೇ, ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕೇ, ಇರುವ ಉಳಿತಾಯವನ್ನೆಲ್ಲ ಒಂದೇ ಕಡೆ ಹಾಕಬೇಕೇ ಎಂಬಂಥವು ನಿಸ್ಸಂಶಯವಾಗಿ ದೊಡ್ಡವು. ಕೆಲಸ ಬದಲಿಸುವುದು ನಡುವೆ ಎಲ್ಲೋ ಬರುತ್ತದೆ. ನಾವು ಹೆದರುವಷ್ಟು ಅದು ದೊಡ್ಡದಲ್ಲ. ಬಿಟ್ಟುಬಂದ ಕಡೆಗೇ ಮರಳಿದವರೂ ಇದ್ದಾರೆ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ: ತೀರ್ಮಾನ ಕಷ್ಟ ಅನ್ನಿಸಿದರೆ ಅದು ದೊಡ್ಡದೇ ಇರಬೇಕು ಎಂದುಕೊಳ್ಳುತ್ತೇವೆ. ಗಣಕ ವಿಜ್ಞಾನಿ ಎಡ್ವರ್ಡ್ ಫ್ರೆಡ್ಕಿನ್ ಇದರ ಗಂಟನ್ನು ಚೆನ್ನಾಗಿ ಹಿಡಿದಿದ್ದರು. ಎರಡು ಆಯ್ಕೆಗಳು ಹೆಚ್ಚು ಹೆಚ್ಚು ಸಮಾನವಾದಂತೆ ಆರಿಸುವುದು ಕಷ್ಟವಾಗುತ್ತದೆ. ಆದರೆ ಅವು ಸಮಾನವಾದಷ್ಟೂ ಯಾವುದನ್ನು ಆರಿಸಿದರೂ ಆಗುವ ವ್ಯತ್ಯಾಸ ಕಡಿಮೆ. ಎರಡು ಫೋನ್‌ಗಳ ನಡುವೆ ಮೂರು ವಾರ ತೊಳಲಾಡುತ್ತಿದ್ದೀರಿ ಎಂದರೆ ಎರಡರಲ್ಲಿ ಯಾವುದಾದರೂ ನಡೆಯುತ್ತದೆ ಎಂದೇ ಅರ್ಥ. ಎರಡು ಸಮನಾದ ಹುಲ್ಲುಮೆದೆಗಳ ನಡುವೆ ನಿಂತು ಯಾವುದನ್ನು ತಿನ್ನಬೇಕೆಂದು ತೋಚದೆ ಹಸಿವಿನಿಂದ ಸತ್ತ ಕತ್ತೆಯ ಕತೆ 14ನೇ ಶತಮಾನದ ಫ್ರೆಂಚ್ ತತ್ವಜ್ಞಾನಿ ಜಾನ್ ಬುರಿಡಾನ್ ಹೆಸರಿಗೆ ಅಂಟಿಕೊಂಡಿದೆ. (ಪಾಪ, ಆತನ ಬರಹಗಳಲ್ಲಿ ಆ ಕತ್ತೆಯೇ ಇಲ್ಲ.)

ಇದಕ್ಕೊಂದು ಅಪವಾದವಿದೆ. ಹೆಚ್ಚು ಸಂಬಳದ ದೂರದ ಕೆಲಸವೋ, ವಯಸ್ಸಾದ ಅಪ್ಪ ಅಮ್ಮನ ಹತ್ತಿರ ಇರುವುದೋ ಎಂಬುದೂ ಕಷ್ಟವೇ. ಆದರೆ ಆ ಎರಡು ಸಮಾನವೆಂದು ಅದು ಕಷ್ಟವಾಗಿಲ್ಲ, ಒಂದೇ ತಕ್ಕಡಿಯಲ್ಲಿ ತೂಗಲು ಬಾರದ್ದಕ್ಕೆ ಕಷ್ಟವಾಗಿದೆ. ಅಂಥದ್ದನ್ನು ನಾಣ್ಯ ಚಿಮ್ಮಿ ಮುಗಿಸಬೇಡಿ.

ಹಂತ 2: ಸಣ್ಣದನ್ನು ಬೇಗ ಮುಗಿಸಿ

1956ರಲ್ಲಿ ಅಮೆರಿಕದ ಹರ್ಬರ್ಟ್ ಸೈಮನ್ ಒಂದು ಸರಳ ಮಾತನ್ನು ಮುಂದಿಟ್ಟರು. ಮನುಷ್ಯ ಎಲ್ಲ ಆಯ್ಕೆಗಳನ್ನೂ ಅಳೆದು ಅತ್ಯುತ್ತಮವನ್ನು ಹುಡುಕುವ ಯಂತ್ರವಲ್ಲ; ಅಷ್ಟು ಸಮಯವೂ ಮಾಹಿತಿಯೂ ಯಾರ ಬಳಿಯೂ ಇರುವುದಿಲ್ಲ. ಹಾಗಾಗಿ ‘ಇಷ್ಟಿದ್ದರೆ ಸಾಕು’ ಎಂಬ ಮಟ್ಟವನ್ನು ಇಟ್ಟುಕೊಂಡು, ಆ ಮಟ್ಟ ಮುಟ್ಟಿದ ಮೊದಲನೆಯದನ್ನು ತೆಗೆದುಕೊಂಡು ನಡೆಯುತ್ತಾನೆ. ಸೈಮನ್‌ಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಇದನ್ನು ಬಳಸುವ ಕ್ರಮ ಹೀಗೆ. ಹುಡುಕಲು ಶುರು ಮಾಡುವ ಮುಂಚೆಯೇ ಮೂರು ಷರತ್ತು ಬರೆದುಕೊಳ್ಳಿ: ಗರಿಷ್ಠ ಇಷ್ಟು ಹಣ, ಇದು ಇರಲೇಬೇಕು, ಇದು ಇರಲೇಬಾರದು. ಮೂರಕ್ಕೂ ಹೊಂದುವ ಮೊದಲನೆಯದು ಸಿಕ್ಕ ಕೂಡಲೇ ಹುಡುಕಾಟ ಬಂದ್. ಕೊಂಡ ಮೇಲೆ ಅದೇ ವಸ್ತುವಿನ ಬೆಲೆಯನ್ನು ಇನ್ನೊಂದು ಕಡೆ ನೋಡುವ ಚಪಲವೂ ಬಂದ್. ಷರತ್ತು ಮೊದಲು, ಹುಡುಕಾಟ ಆಮೇಲೆ ಅನ್ನುವ ಈ ಅನುಕ್ರಮ ಮುಖ್ಯ. ತಿರುವುಮುರುವಾದರೆ ಕಣ್ಣಿಗೆ ಬಿದ್ದ ಪ್ರತಿ ಹೊಸ ಸೌಲಭ್ಯವೂ ಹೊಸ ಷರತ್ತಾಗುತ್ತದೆ.

‘ಇಷ್ಟಕ್ಕೆ ತೃಪ್ತಿಪಟ್ಟರೆ ಒಳ್ಳೆಯದು ಕೈತಪ್ಪುವುದಿಲ್ಲವೇ?’ ತಪ್ಪಬಹುದು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕೆಲಸ ಹುಡುಕುತ್ತಿದ್ದ ವಿದ್ಯಾರ್ಥಿಗಳನ್ನು ಹಿಂಬಾಲಿಸಿತು. ಅತ್ಯುತ್ತಮವೇ ಬೇಕೆಂದು ಪಟ್ಟು ಹಿಡಿದವರಿಗೆ ಶುರುವಿನ ಸಂಬಳ ಉಳಿದವರಿಗಿಂತ ಶೇ 20ರಷ್ಟು ಹೆಚ್ಚು ಸಿಕ್ಕಿತು. ಆದರೆ ಸಿಕ್ಕ ಕೆಲಸದ ಬಗ್ಗೆ ಅವರಿಗಿದ್ದ ತೃಪ್ತಿ ಕಡಿಮೆ. ಕೆಲಸದಂಥ ವಿಷಯಕ್ಕೆ ಆ ಬೆಲೆ ತೆರಬೇಕೋ ಬೇಡವೋ ಎಂದು ವಾದಿಸಬಹುದು. ಇಯರ್‌ಫೋನ್‌ಗೆ ತೆರುವುದು ಮಾತ್ರ ಮೂರ್ಖತನ.

ರುಚಿ, ಅಂದಚೆಂದಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಮನೋವಿಜ್ಞಾನಿ ಟಿಮೊಥಿ ವಿಲ್ಸನ್ ಮತ್ತು ಸಂಗಡಿಗರು 1993ರಲ್ಲಿ ವಿದ್ಯಾರ್ಥಿಗಳಿಗೆ ಒಂದೊಂದು ಪೋಸ್ಟರ್ ಆರಿಸಿಕೊಂಡು ಮನೆಗೆ ಒಯ್ಯಲು ಹೇಳಿದರು. ಕೆಲವರಿಗೆ ಮಾತ್ರ, ಇಷ್ಟವಾಗಲು ಆಗದಿರಲು ಕಾರಣಗಳೇನು ಎಂದು ಮೊದಲು ಬರೆಯಿಸಿದರು. ಕೆಲವು ವಾರಗಳ ನಂತರ ವಿಚಾರಿಸಿದಾಗ, ಕಾರಣ ಬರೆದವರೇ ತಮ್ಮ ಆಯ್ಕೆಯ ಬಗ್ಗೆ ಕಡಿಮೆ ಖುಷಿಯಾಗಿದ್ದರು. ಬಾಯಿಗೆ ಸುಲಭವಾಗಿ ಬರುವ ಕಾರಣಗಳು ನಿಜವಾದ ಇಷ್ಟವನ್ನು ಪಕ್ಕಕ್ಕೆ ತಳ್ಳುತ್ತವೆ. ಗೋಡೆಯ ಬಣ್ಣಕ್ಕೆ ಪಟ್ಟಿ ಮಾಡಬೇಡಿ. ನೋಡಿ, ಹಿಡಿಸಿದರೆ ಮುಗಿಯಿತು.

ಮತ್ತೆ ಮತ್ತೆ ಬರುವ ಸಣ್ಣ ತೀರ್ಮಾನಗಳಿಗೆ ಒಂದೇ ಸಲ ನಿಯಮ ಮಾಡಿಬಿಡಿ: ವಾರದ ಯಾವ ಯಾವ ದಿನ ವ್ಯಾಯಾಮ, ಸಾಲ ಕೇಳಿದವರಿಗೆ ಎಷ್ಟರವರೆಗೆ, ರಜೆಯಲ್ಲಿ ಆಫೀಸಿನ ಕರೆ ತೆಗೆಯಬೇಕೇ ಎಂಬಂಥವು. ನಿಯಮವಿದ್ದರೆ ‘ಇಲ್ಲ’ ಅನ್ನುವುದೂ ಸುಲಭ.

ಆಯ್ಕೆಗಳು ಒಂದೊಂದಾಗಿ ಬಂದು, ಬಿಟ್ಟದ್ದು ಮರಳಿ ಸಿಗದ ಸಂದರ್ಭಗಳೂ ಇರುತ್ತವೆ, ಬಾಡಿಗೆ ಮನೆ ಹುಡುಕಾಟದ ಹಾಗೆ. ಇದಕ್ಕೆ ಗಣಿತದಲ್ಲಿ ಉತ್ತರವಿದೆ: ನೋಡಲಿರುವ ಒಟ್ಟು ಸಂಖ್ಯೆಯ ಮೊದಲ ಶೇ 37ರಷ್ಟನ್ನು ಬರೀ ನೋಡಿ ಬಿಡಿ, ಆಮೇಲೆ ಅವೆಲ್ಲಕ್ಕಿಂತ ಚೆನ್ನಾಗಿರುವ ಮೊದಲನೆಯದನ್ನು ಹಿಡಿಯಿರಿ. ತಮಾಷೆಯೆಂದರೆ, ಈ ತಂತ್ರದಿಂದ ಎಲ್ಲಕ್ಕಿಂತ ಒಳ್ಳೆಯದು ಸಿಗುವ ಸಾಧ್ಯತೆಯೂ ಸುಮಾರು ಶೇ 37 ಮಾತ್ರ. ಇದಕ್ಕಿಂತ ಒಳ್ಳೆಯ ತಂತ್ರವೂ ಇಲ್ಲ. ಸೈಮನ್ ಹೇಳಿದ್ದು ಸುಮ್ಮನೆ ಅಲ್ಲ.

ಹಂತ 3: ದೊಡ್ಡದಾದರೆ ಮೊದಲು ಪ್ರಶ್ನೆಯನ್ನು ತಿದ್ದಿ

‘ಈ ಕೆಲಸ ಬಿಡಲೋ ಬೇಡವೋ’ ಎಂಬ ಪ್ರಶ್ನೆಯಲ್ಲಿ ಇರುವುದು ಒಂದೇ ಆಯ್ಕೆ. ಎರಡಿರುವಂತೆ ಕಾಣುತ್ತದೆ, ಅಷ್ಟೇ. ‘ಇದನ್ನು ಬಿಡುವಂತಿಲ್ಲ, ಹೀಗೇ ಮುಂದುವರಿಯುವಂತೆಯೂ ಇಲ್ಲ ಎಂದಾದರೆ ಏನು ಮಾಡುತ್ತಿದ್ದೆ?’ ಎಂದು ಕೇಳಿಕೊಳ್ಳಿ. ವಿಭಾಗ ಬದಲಿಸಬಹುದು, ಆರು ತಿಂಗಳ ರಜೆ ಕೇಳಬಹುದು, ಬೇರೆ ಮೇಲಧಿಕಾರಿಯ ಕೈಕೆಳಗೆ ಹೋಗಬಹುದು, ವಾರಾಂತ್ಯದಲ್ಲಿ ಇನ್ನೊಂದನ್ನು ಶುರು ಮಾಡಬಹುದು. ಕನಿಷ್ಠ ಮೂರು ನಿಜವಾದ ಆಯ್ಕೆಗಳು ಕಾಗದದ ಮೇಲೆ ಬರುವವರೆಗೆ ತೂಗಲು ಕೂರಬೇಡಿ.

ಪ್ರಶ್ನೆ ಕೇಳುವ ರೀತಿಯೇ ಉತ್ತರವನ್ನು ತಿರುಗಿಸಬಲ್ಲದು ಎಂಬುದನ್ನು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1981ರಲ್ಲಿ ತೋರಿಸಿದರು. 600 ಜನರನ್ನು ಕೊಲ್ಲಬಹುದಾದ ಕಾಯಿಲೆಯೊಂದು ಬರುತ್ತಿದೆ ಎಂದು ಊಹಿಸಿಕೊಳ್ಳಿ. ಒಂದು ಯೋಜನೆಯಲ್ಲಿ 200 ಜನ ಖಂಡಿತ ಉಳಿಯುತ್ತಾರೆ. ಇನ್ನೊಂದರಲ್ಲಿ ಎಲ್ಲರೂ ಉಳಿಯುವ ಸಾಧ್ಯತೆ ಮೂರರಲ್ಲಿ ಒಂದು, ಯಾರೂ ಉಳಿಯದಿರುವ ಸಾಧ್ಯತೆ ಮೂರರಲ್ಲಿ ಎರಡು. ಶೇ 72 ಜನ ಖಚಿತವಾದದ್ದನ್ನು ಆರಿಸಿದರು. ಇನ್ನೊಂದು ಗುಂಪಿಗೆ ಅದೇ ಯೋಜನೆಯನ್ನು ‘400 ಜನ ಖಂಡಿತ ಸಾಯುತ್ತಾರೆ’ ಎಂದು ಹೇಳಿದಾಗ ಅದನ್ನು ಆರಿಸಿದವರು ಶೇ 22 ಮಾತ್ರ. ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಎರಡು ಸಲ ಬರೆಯಿರಿ, ಒಮ್ಮೆ ಸಿಗುವುದರ ಕಡೆಯಿಂದ, ಒಮ್ಮೆ ಕಳೆದುಕೊಳ್ಳುವುದರ ಕಡೆಯಿಂದ. ಎರಡು ಸಲವೂ ಮನಸ್ಸು ಒಂದೇ ಕಡೆ ವಾಲಿದರೆ ಆ ಒಲವನ್ನು ನಂಬಬಹುದು.

ಸುಮ್ಮನಿರುವುದೂ ಒಂದು ಆಯ್ಕೆ, ಅದನ್ನೂ ಪಟ್ಟಿಗೆ ಸೇರಿಸಿ. ಅದರ ಸೆಳೆತ ಎಷ್ಟು ಬಲವಾದದ್ದು ಎಂಬುದಕ್ಕೆ ಅಂಗಾಂಗ ದಾನದ ಅಂಕಿಗಳನ್ನು ನೋಡಿ. 2003ರಲ್ಲಿ ಪ್ರಕಟವಾದ ಹೋಲಿಕೆಯ ಪ್ರಕಾರ, ದಾನಿಯಾಗಲು ತಾವಾಗಿ ಒಪ್ಪಿಗೆ ಕೊಡಬೇಕಿದ್ದ ಜರ್ಮನಿಯಲ್ಲಿ ಒಪ್ಪಿದವರು ಶೇ 12. ಬೇಡದವರು ಮಾತ್ರ ತಿಳಿಸಬೇಕಿದ್ದ ಪಕ್ಕದ ಆಸ್ಟ್ರಿಯಾದಲ್ಲಿ ಶೇ 99.98 ಜನ ದಾನಿಗಳ ಲೆಕ್ಕದಲ್ಲೇ ಉಳಿದರು. ಎರಡು ನೆರೆಯ ದೇಶಗಳ ಜನರ ಔದಾರ್ಯದಲ್ಲಿ ಇಷ್ಟು ಅಂತರ ಇರಲಾರದು. ಯಾರೂ ಕೈ ಎತ್ತಲಿಲ್ಲ, ಅಷ್ಟೇ. ನಿಮ್ಮ ಈಗಿನ ಕೆಲಸ, ಮನೆ, ಪಾಲುದಾರಿಕೆಯ ಬಗ್ಗೆ ಹೀಗೆ ಕೇಳಿಕೊಳ್ಳಿ: ಇದರಲ್ಲಿ ನಾನು ಈಗಾಗಲೇ ಇಲ್ಲದಿದ್ದರೆ, ಇವತ್ತು ಹೊಸದಾಗಿ ಸೇರುತ್ತಿದ್ದೆನೇ?

‘ಇಷ್ಟು ವರ್ಷ ಹಾಕಿದ್ದೇನಲ್ಲ’ ಎಂಬ ಉತ್ತರ ಬಂದರೆ ಅದನ್ನು ಹೊಡೆದುಹಾಕಿ. ಬ್ರಿಟನ್ ಮತ್ತು ಫ್ರಾನ್ಸ್ 1962ರಲ್ಲಿ ಒಪ್ಪಂದ ಮಾಡಿಕೊಂಡು ಕಟ್ಟಿದ ಕಾಂಕಾರ್ಡ್ ವಿಮಾನ ಹಾಕಿದ ಹಣ ಹುಟ್ಟಿಸಲಾರದು ಎಂಬುದು ಸ್ಪಷ್ಟವಾದ ಮೇಲೂ ಹಣ ಸುರಿಯುವುದು ನಿಲ್ಲಲಿಲ್ಲ. ಹೋದ ಹಣಕ್ಕಾಗಿ ಇರುವ ಹಣವನ್ನೂ ಹಾಕುವ ಈ ಅಭ್ಯಾಸಕ್ಕೆ ಆ ವಿಮಾನದ ಹೆಸರೇ ನಿಂತುಹೋಗಿದೆ.

ಹಂತ 4: ಕಾಗದದ ಮೇಲೆ ತೂಗಿ

1772ರಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಲಾರ್ಡ್ ಶೆಲ್ಬರ್ನ್ ಎಂಬ ಶ್ರೀಮಂತನ ಬಳಿ ಕೆಲಸಕ್ಕೆ ಸೇರುವ ಅವಕಾಶ ಬಂತು. ಸೇರಬೇಕೇ ಎಂದು ಗೆಳೆಯ ಬೆಂಜಮಿನ್ ಫ್ರಾಂಕ್ಲಿನ್‌ರನ್ನು ಕೇಳಿದರು. ಸೆಪ್ಟೆಂಬರ್ 19ರಂದು ಬರೆದ ಉತ್ತರದಲ್ಲಿ ಫ್ರಾಂಕ್ಲಿನ್, ಏನು ಮಾಡಬೇಕೆಂದು ಹೇಳುವಷ್ಟು ವಿವರ ನನಗೆ ಗೊತ್ತಿಲ್ಲ, ಹೇಗೆ ತೀರ್ಮಾನಿಸಬೇಕೆಂದು ಬೇಕಾದರೆ ಹೇಳುತ್ತೇನೆ ಎಂದರು. ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧ. ಸಮ ತೂಕದವನ್ನು ಎರಡೂ ಕಡೆಯಿಂದ ಹೊಡೆದುಹಾಕುತ್ತ ಹೋಗುವುದು. ಒಂದು ಕಡೆಯ ಎರಡು ಕಾರಣ ಇನ್ನೊಂದು ಕಡೆಯ ಮೂರಕ್ಕೆ ಸಮವೆನಿಸಿದರೆ ಐದನ್ನೂ ಹೊಡೆಯುವುದು. ಕೊನೆಗೆ ಉಳಿದದ್ದು ಎತ್ತ ಎಂದು ನೋಡುವುದು.

ಈ ಪಟ್ಟಿ ಎಲ್ಲರಿಗೂ ಗೊತ್ತು. ಆದರೆ ಅವರು ಹೇಳಿದ ಮುಖ್ಯ ಸಂಗತಿಯನ್ನು ನಾವು ಬಿಟ್ಟುಬಿಟ್ಟಿದ್ದೇವೆ: ಪಟ್ಟಿಯನ್ನು ಒಂದೇ ಕೂರಿಕೆಯಲ್ಲಿ ಮುಗಿಸದೆ ಮೂರು ನಾಲ್ಕು ದಿನ ಹೊಳೆದದ್ದನ್ನು ಸೇರಿಸುತ್ತ ಹೋಗಬೇಕು. ಎಲ್ಲ ಕಾರಣಗಳೂ ಒಟ್ಟಿಗೆ ಮನಸ್ಸಿಗೆ ಬರುವುದಿಲ್ಲ. ಬೆಳಗ್ಗೆ ಒಂದು ಗುಂಪು, ಸಂಜೆ ಇನ್ನೊಂದು. ನಾವು ತೊಳಲಾಡುವುದು ಅದಕ್ಕೇ. (ಪ್ರೀಸ್ಟ್ಲಿ ಕೆಲಸ ಒಪ್ಪಿಕೊಂಡರು. 1774ರಲ್ಲಿ ಆಮ್ಲಜನಕವನ್ನು ಬೇರ್ಪಡಿಸಿದ್ದು ಆ ಶೆಲ್ಬರ್ನ್‌ನ ಬಂಗಲೆಯಲ್ಲೇ.)

ಎರಡು ಅಂಕಣದ ಪಟ್ಟಿಗೆ ಒಂದು ದೌರ್ಬಲ್ಯವಿದೆ. ಮನಸ್ಸು ಮೊದಲೇ ವಾಲಿದ್ದರೆ ಕಾರಣಗಳು ಆ ಕಡೆಗೇ ಧಾರಾಳವಾಗಿ ಹುಟ್ಟುತ್ತವೆ. 1838ರಲ್ಲಿ ಚಾರ್ಲ್ಸ್ ಡಾರ್ವಿನ್ ಮದುವೆಯಾಗಬೇಕೇ ಬೇಡವೇ ಎಂದು ಇಂಥದ್ದೇ ಪಟ್ಟಿ ಮಾಡಿದ. ಸಮಯ ಹಾಳು, ಪುಸ್ತಕಕ್ಕೆ ಹಣ ಕಡಿಮೆ ಎಂದೆಲ್ಲ ವಿರೋಧದ ಕಡೆ ಬರೆದೂ ಕೊನೆಗೆ ‘ಮದುವೆ, ಮದುವೆ, ಮದುವೆ’ ಎಂದು ಮೂರು ಸಲ ಗೀಚಿ, ಗಣಿತದಲ್ಲಿ ಪ್ರಮೇಯವನ್ನು ಸಾಧಿಸಿ ಮುಗಿಸಿದಾಗ ಹಾಕುವ ‘Q.E.D.’ (ಸಾಧಿಸಬೇಕಾದ್ದನ್ನು ಸಾಧಿಸಿದ್ದಾಯಿತು) ಎಂಬ ಷರಾ ಹಾಕಿದ. ಮರುವರ್ಷದ ಜನವರಿಯಲ್ಲಿ ಎಮ್ಮಾ ವೆಜ್‌ವುಡ್ ಜೊತೆ ಮದುವೆಯಾಯಿತು. ನನ್ನ ಮಟ್ಟಿಗೆ ಅಲ್ಲಿ ಪಟ್ಟಿ ಏನನ್ನೂ ತೀರ್ಮಾನಿಸಲಿಲ್ಲ. ಅವನಿಗೇನು ಬೇಕಿತ್ತು ಎಂಬುದನ್ನು ಅವನಿಗೇ ತೋರಿಸಿಕೊಟ್ಟಿತು. ಅದೂ ಉಪಯೋಗವೇ.

ವಾಲುವಿಕೆಯನ್ನು ತಗ್ಗಿಸಬೇಕೆಂದರೆ ಇನ್ನೊಂದು ವಿಧಾನವಿದೆ, ದೊಡ್ಡ ತೀರ್ಮಾನಕ್ಕೆ ನಾನು ಶಿಫಾರಸು ಮಾಡುವುದು ಇದನ್ನೇ. 1955ರಲ್ಲಿ, 21ರ ವಯಸ್ಸಿನಲ್ಲಿ, ಕಾನೆಮನ್ ಇಸ್ರೇಲಿ ಸೇನೆಯಲ್ಲಿದ್ದಾಗ ಹೊಸಬರ ಸಂದರ್ಶನದ ಕ್ರಮವನ್ನು ಬದಲಿಸಿದರು. ಅಲ್ಲಿಯವರೆಗೆ ಸಂದರ್ಶಕರು ಮಾತಾಡಿಸಿ ಒಟ್ಟಾರೆ ಅಭಿಪ್ರಾಯ ಬರೆಯುತ್ತಿದ್ದರು, ಅದು ಮುಂದೆ ನಿಜವಾಗುತ್ತಿದ್ದುದು ಕಡಿಮೆ. ಕಾನೆಮನ್ ಆರು ಗುಣಗಳನ್ನು ಗುರುತಿಸಿ, ಒಂದೊಂದಕ್ಕೂ ಬೇರೆಯಾಗಿ ಪ್ರಶ್ನೆ ಕೇಳಿ, ಅಂಕ ಕೊಟ್ಟು, ಆಮೇಲಷ್ಟೇ ಮುಂದಿನದಕ್ಕೆ ಹೋಗಬೇಕೆಂದರು. ಸಂದರ್ಶಕರು ಗೊಣಗಿದ್ದಕ್ಕೆ, ಆರೂ ಮುಗಿದ ಮೇಲೆ ಕಣ್ಣು ಮುಚ್ಚಿಕೊಂಡು ಒಟ್ಟಾರೆ ಅನ್ನಿಸಿದ್ದಕ್ಕೂ ಒಂದು ಅಂಕ ಕೊಡಿ ಎಂದರು. ಆರು ಅಂಕಗಳ ಮೊತ್ತ ಹಳೆಯ ಕ್ರಮಕ್ಕಿಂತ ಎಷ್ಟೋ ವಾಸಿಯಾಗಿತ್ತು. ಅಚ್ಚರಿಯೆಂದರೆ ಕೊನೆಯಲ್ಲಿ ಕಣ್ಣು ಮುಚ್ಚಿ ಕೊಟ್ಟ ಅಂಕವೂ ಅಷ್ಟೇ ಚೆನ್ನಾಗಿತ್ತು.

ನೀವು ಮಾಡಬೇಕಾದದ್ದು:

– ಐದಾರು ಮಾನದಂಡ ಆರಿಸಿ. ಕೆಲಸವಾದರೆ: ದಿನನಿತ್ಯದ ಕೆಲಸದ ಸ್ವರೂಪ, ಜೊತೆಯವರು, ಸಂಬಳ, ಪ್ರಯಾಣದ ಹೊತ್ತು, ಕಲಿಯುವ ಅವಕಾಶ, ಮನೆಯವರ ಮೇಲಿನ ಪರಿಣಾಮ.
– ಒಂದು ಮಾನದಂಡಕ್ಕೆ ಎಲ್ಲ ಆಯ್ಕೆಗಳಿಗೂ ಅಂಕ ಕೊಟ್ಟು ಮುಗಿಸಿ, ಆಮೇಲೆ ಮುಂದಿನ ಮಾನದಂಡ. ಒಂದೇ ಆಯ್ಕೆಯನ್ನು ಹಿಡಿದು ಎಲ್ಲ ಅಂಕ ಕೊಟ್ಟುಕೊಂಡು ಹೋದರೆ ಮೊದಲ ಒಳ್ಳೆಯ ಅಂಕ ಉಳಿದವನ್ನೂ ಎತ್ತಿಬಿಡುತ್ತದೆ.
– ಎಲ್ಲ ಮುಗಿಯುವವರೆಗೆ ‘ನನಗಂತೂ ಇದೇ’ ಎನ್ನಬೇಡಿ.
– ಕೊನೆಗೆ ಕಣ್ಣು ಮುಚ್ಚಿ ಕೇಳಿಕೊಳ್ಳಿ. ಮೊತ್ತವೂ ಮನಸ್ಸೂ ಬೇರೆ ಬೇರೆ ಹೇಳಿದರೆ ಯಾವುದನ್ನೂ ತಕ್ಷಣ ಒಪ್ಪಬೇಡಿ. ಬಹುತೇಕ ಒಂದು ಮಾನದಂಡ ಬಿಟ್ಟುಹೋಗಿರುತ್ತದೆ, ಅಥವಾ ಹೇಳಿಕೊಳ್ಳಲು ಮುಜುಗರವೆಂದು ಬರೆದಿರುವುದಿಲ್ಲ. ‘ಅಣ್ಣನಿಗಿಂತ ಹೆಚ್ಚು ಸಂಪಾದಿಸಬೇಕು’ ಎಂಬುದು ನಿಜವಾದರೆ ಅದನ್ನೂ ಬರೆಯಿರಿ. ಕಾಗದ ಯಾರಿಗೂ ಹೇಳುವುದಿಲ್ಲ.

ಹಂತ 5: ಒಳಮನಸ್ಸಿನ ಮಾತಿಗೆ ಎಷ್ಟು ಬೆಲೆ?

ಪೂರ್ತಿ ತಳ್ಳಿಹಾಕಲಾಗದು. ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ಅವರ ರೋಗಿಯೊಬ್ಬನಿಗೆ ಭಾವನೆಗಳಿಗೆ ಸಂಬಂಧಿಸಿದ ಮಿದುಳಿನ ಮುಂಭಾಗಕ್ಕೆ ಹಾನಿಯಾಗಿತ್ತು. ಬುದ್ಧಿಗೆ ಕೊರತೆಯಿರಲಿಲ್ಲ. ಮುಂದಿನ ಭೇಟಿಗೆ ಎರಡು ದಿನಾಂಕ ಕೊಟ್ಟು ಆರಿಸಿಕೋ ಎಂದಾಗ, ಎರಡರ ಪರ ವಿರೋಧ ಕಾರಣಗಳನ್ನು ಅರ್ಧ ಗಂಟೆಯಷ್ಟು ಹೊತ್ತು ಲೆಕ್ಕ ಹಾಕುತ್ತಲೇ ಕೂತ. ‘ಇದಾಗಲಿ ಬಿಡು’ ಎಂದು ಒಳಗಿನಿಂದ ತಳ್ಳುವ ಭಾವನೆ ಇಲ್ಲದಿದ್ದರೆ ಲೆಕ್ಕಕ್ಕೆ ಕೊನೆಯೇ ಇಲ್ಲ.

ಆದರೆ ಎಲ್ಲ ಒಳಮನಸ್ಸೂ ಪಳಗಿದ್ದಲ್ಲ. ಅಗ್ನಿಶಾಮಕ ದಳದವರು ಕ್ಷಣದಲ್ಲಿ ಸರಿಯಾದ ನಿರ್ಧಾರ ಹೇಗೆ ತೆಗೆದುಕೊಳ್ಳುತ್ತಾರೆಂದು ಅಧ್ಯಯನ ಮಾಡಿ ಒಳನೋಟದ ಪರ ನಿಂತವರು ಮನೋವಿಜ್ಞಾನಿ ಗ್ಯಾರಿ ಕ್ಲೈನ್. ಅದರ ತಪ್ಪುಗಳನ್ನು ಪಟ್ಟಿ ಮಾಡಿದವರು ಕಾನೆಮನ್. ಇಬ್ಬರೂ ಕೂತು ಚರ್ಚಿಸಿ 2009ರಲ್ಲಿ ಒಂದು ಜಂಟಿ ಲೇಖನ ಬರೆದರು. ಒಳಮನಸ್ಸನ್ನು ನಂಬಲು ಅವರು ಒಪ್ಪಿದ ಷರತ್ತುಗಳು ಎರಡು: ಆ ಕ್ಷೇತ್ರದಲ್ಲಿ ಒಂದು ಕ್ರಮ, ಪುನರಾವರ್ತನೆ ಇರಬೇಕು, ಮತ್ತು ಸರಿಯೋ ತಪ್ಪೋ ಎಂದು ಬೇಗ ತಿಳಿಯುವ ದೀರ್ಘ ಅಭ್ಯಾಸ ಇರಬೇಕು. ಅನುಭವಿ ನರ್ಸ್‌ಗೆ ರೋಗಿಯನ್ನು ಕಂಡ ಕೂಡಲೇ ‘ಏನೋ ಸರಿಯಿಲ್ಲ’ ಅನ್ನಿಸಿದರೆ ನಂಬಿ. ಜೀವನದಲ್ಲಿ ಒಮ್ಮೆಯೋ ಎರಡು ಸಲವೋ ಮನೆ ಕೊಳ್ಳುವವರಿಗೆ ‘ಒಳಗೆ ಕಾಲಿಟ್ಟ ಕೂಡಲೇ ಇದೇ ಅನ್ನಿಸಿತು’ ಎಂಬುದು ಆ ಮನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಕಾಗದಪತ್ರ ನೋಡಿಸಿ.

ಹಂತ 6: ಆ ದಾರಿಯಲ್ಲಿ ಹೋದವರನ್ನು ಕೇಳಿ

‘ನಾನೇನು ಮಾಡಲಿ?’ ಎಂದು ಕೇಳಿದರೆ ಜನ ತಮ್ಮ ಜೀವನದ ಸಮರ್ಥನೆಯನ್ನು ನಿಮಗೆ ಸಲಹೆಯಾಗಿ ಕೊಡುತ್ತಾರೆ. ‘ನಿಮ್ಮ ಒಂದು ಸಾಧಾರಣ ಮಂಗಳವಾರ ಹೇಗಿರುತ್ತದೆ? ಸೇರುವ ಮುಂಚೆ ಏನು ಗೊತ್ತಿರಲಿಲ್ಲ?’ ಎಂದು ಕೇಳಿ. ಮಾಹಿತಿ ಬರುತ್ತದೆ. ಯಶಸ್ವಿಯಾದವರನ್ನಷ್ಟೇ ಕೇಳಬೇಡಿ, ಬಿಟ್ಟುಹೋದವರು ಹೆಚ್ಚು ಹೇಳುತ್ತಾರೆ.

ಕೇಳಲು ಯಾರೂ ಇಲ್ಲದಿದ್ದರೆ ನಿಮಗೆ ನೀವೇ ಹೊರಗಿನವರಾಗಿ. ಬೇರೆಯವರ ಸಮಸ್ಯೆಗೆ ನಾವು ಹೇಳುವ ಬುದ್ಧಿ ನಮ್ಮ ಸಮಸ್ಯೆಗೆ ಹೊಳೆಯುವುದಿಲ್ಲ ಎಂಬುದನ್ನು ಮನೋವಿಜ್ಞಾನಿಗಳಾದ ಇಗೋರ್ ಗ್ರಾಸ್‌ಮನ್ ಮತ್ತು ಈಥನ್ ಕ್ರಾಸ್ 2014ರಲ್ಲಿ ಪ್ರಯೋಗಗಳಿಂದ ತೋರಿಸಿದರು. ದೂರ ನಿಂತು ನೋಡಿಕೊಳ್ಳಿ ಎಂದಾಗ ಈ ಅಂತರ ಮಾಯವಾಯಿತು. ನಿಮ್ಮ ಪರಿಸ್ಥಿತಿಯನ್ನು ಗೆಳತಿಯೊಬ್ಬಳ ಕತೆಯಂತೆ ಅರ್ಧ ಪುಟ ಬರೆದು, ಕೆಳಗೆ ಅವಳಿಗೆ ಉತ್ತರ ಬರೆಯಿರಿ.

ಹಂತ 7: ಕೆಟ್ಟಿದೆ ಎಂದುಕೊಂಡೇ ಯೋಚಿಸಿ

ಒಂದು ಆಯ್ಕೆಯ ಕಡೆ ವಾಲಿದ ಮೇಲೆ ಇದನ್ನು ಮಾಡಿ. ಈ ಕ್ರಮವನ್ನು ಪ್ರಚಾರಕ್ಕೆ ತಂದವರೂ ಗ್ಯಾರಿ ಕ್ಲೈನ್. ಒಂದು ವರ್ಷ ಕಳೆದಿದೆ, ತೀರ್ಮಾನ ಪೂರ್ತಿ ನೆಲಕಚ್ಚಿದೆ ಎಂದೇ ಭಾವಿಸಿ, ಯಾಕೆ ಹಾಗಾಯಿತು ಎಂದು ಹತ್ತು ನಿಮಿಷ ಬರೆಯಿರಿ. ‘ಏನಾದರೂ ತಪ್ಪಾಗಬಹುದೇ?’ ಎಂದು ಕೇಳಿದರೆ ಮನಸ್ಸು ಸಮಾಧಾನ ಹೇಳುತ್ತದೆ, ‘ತಪ್ಪಾಗಿಹೋಗಿದೆ, ಯಾಕೆ?’ ಎಂದರೆ ಕಾರಣ ಹುಡುಕುತ್ತದೆ. ಮನೆಯವರ ಜೊತೆ ಮಾಡಿದರೆ ಇನ್ನೂ ಒಳ್ಳೆಯದು. ಅಪಶಕುನ ನುಡಿದಂತಾಯಿತೆಂದು ಯಾರೂ ಬಾಯಿ ಮುಚ್ಚಿಸುವುದಿಲ್ಲ, ಯಾಕೆಂದರೆ ಎಲ್ಲರಿಗೂ ಅದೇ ಕೆಲಸ.

ಬಂದ ಕಾರಣಗಳಲ್ಲಿ ಯಾವುದನ್ನು ಸಣ್ಣ ಪ್ರಯೋಗದಿಂದ ಈಗಲೇ ಪರೀಕ್ಷಿಸಬಹುದು ನೋಡಿ. ಊರು ಬದಲಿಸುವ ಮುಂಚೆ ಅಲ್ಲಿ ಒಂದು ತಿಂಗಳು ಬಾಡಿಗೆಗೆ ಇದ್ದು ಬನ್ನಿ. ವ್ಯಾಪಾರಕ್ಕೆ ಇಳಿಯುವ ಮುಂಚೆ ಅದೇ ವ್ಯಾಪಾರದಲ್ಲಿ ಸ್ವಲ್ಪ ದಿನ ಸಂಬಳಕ್ಕೆ ದುಡಿಯಿರಿ. ದೊಡ್ಡ ತೀರ್ಮಾನವನ್ನು ಹೀಗೆ ಹಿಂತಿರುಗಬಹುದಾದ ಸಣ್ಣ ತೀರ್ಮಾನಗಳಾಗಿ ಒಡೆಯಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಹಂತ 8: ಗಡುವು, ತೀರ್ಮಾನ, ಟಿಪ್ಪಣಿ

ಶುರುವಿನಲ್ಲೇ ಒಂದು ದಿನಾಂಕ ಗೊತ್ತುಮಾಡಿ. ಆ ದಿನವೂ ತಕ್ಕಡಿ ಸಮವಾಗಿದ್ದರೆ? ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಇದಕ್ಕೊಂದು ವಿಚಿತ್ರ ಪ್ರಯೋಗ ಮಾಡಿದರು. ಕೆಲಸ ಬಿಡಲೇ, ಸಂಬಂಧ ಮುರಿಯಲೇ ಎಂದು ತೀರ್ಮಾನಿಸಲಾಗದವರಿಗಾಗಿ ವೆಬ್‌ಸೈಟ್‌ನಲ್ಲಿ ನಾಣ್ಯ ಚಿಮ್ಮಿಸಿದರು, 20 ಸಾವಿರಕ್ಕೂ ಹೆಚ್ಚು ಸಲ. ದೊಡ್ಡ ವಿಷಯಗಳಲ್ಲಿ ‘ಬದಲಿಸು’ ಎಂದು ಬಿದ್ದವರು ಬದಲಾವಣೆ ಮಾಡಿಕೊಂಡದ್ದು ಹೆಚ್ಚು, ಆರು ತಿಂಗಳ ನಂತರ ಹೆಚ್ಚು ಸಂತೋಷವಾಗಿ ಇದ್ದವರೂ ಅವರೇ. ನಾಣ್ಯದಲ್ಲಿ ಮಹಿಮೆ ಇಲ್ಲ. ಆ ಮಟ್ಟಿನ ಡೋಲಾಯಮಾನ ಸ್ಥಿತಿಗೆ ಬರುವ ಹೊತ್ತಿಗೆ, ಇದ್ದಲ್ಲೇ ಇರುವ ಸೆಳೆತ ತನ್ನ ಯೋಗ್ಯತೆಗಿಂತ ಹೆಚ್ಚು ತೂಗುತ್ತಿರುತ್ತದೆ. ಹಾಗಾಗಿ ನಿಜಕ್ಕೂ ಸಮವೆನಿಸಿದರೆ ನಾನು ಬದಲಾವಣೆಯ ಕಡೆಗೆ ಎನ್ನುತ್ತೇನೆ. ಪ್ರಾಣಕ್ಕೋ ಇಡೀ ಗಂಟಿಗೋ ಸಂಚಕಾರ ಬರುವಂಥದ್ದಾದರೆ ಮಾತ್ರ ಬೇಡ.

ತೀರ್ಮಾನಿಸಿದ ಮೇಲೆ ಬಾಗಿಲು ಅರೆ ತೆರೆದಿಡಬೇಡಿ. ಹಾರ್ವರ್ಡ್‌ನಲ್ಲಿ ಡೇನಿಯಲ್ ಗಿಲ್ಬರ್ಟ್ ಮತ್ತು ಜೇನ್ ಎಬರ್ಟ್ ಛಾಯಾಗ್ರಹಣ ಕಲಿಯುವ ವಿದ್ಯಾರ್ಥಿಗಳಿಗೆ ತಾವು ತೆಗೆದ ಎರಡು ಚಿತ್ರಗಳಲ್ಲಿ ಒಂದನ್ನು ಇಟ್ಟುಕೊಳ್ಳಲು ಬಿಟ್ಟರು. ಬೇಕಾದರೆ ಕೆಲವು ದಿನಗಳಲ್ಲಿ ಬದಲಿಸಿಕೊಳ್ಳಬಹುದು ಎಂದು ಹೇಳಿಸಿಕೊಂಡವರಿಗೆ ತಮ್ಮ ಚಿತ್ರ ಅಷ್ಟಾಗಿ ಹಿಡಿಸಲಿಲ್ಲ. ಬದಲಿಸುವಂತಿಲ್ಲ ಎಂದು ಹೇಳಿಸಿಕೊಂಡವರಿಗೆ ಹಿಡಿಸಿತು. ಎರಡು ಕೆಲಸಗಳಲ್ಲಿ ಒಂದನ್ನು ಆರಿಸಿದ್ದಾದರೆ, ಬಿಟ್ಟ ಕಡೆಗೆ ‘ಬರುವುದಿಲ್ಲ’ ಎಂದು ಅದೇ ದಿನ ಪತ್ರ ಬರೆದು ಕಳುಹಿಸಿ.

ಕೊನೆಯ ಕೆಲಸ ಐದು ನಿಮಿಷದ್ದು. ಒಂದು ಟಿಪ್ಪಣಿ ಬರೆಯಿರಿ: ಏನು ತೀರ್ಮಾನಿಸಿದೆ, ಯಾವ ಮೂರು ಕಾರಣಕ್ಕೆ, ಏನಾಗುತ್ತದೆಂದು ನಿರೀಕ್ಷಿಸಿದ್ದೇನೆ, ಯಾವ ಆಯ್ಕೆಯನ್ನು ಬಿಟ್ಟೆ, ಏನು ಕಂಡುಬಂದರೆ ಮನಸ್ಸು ಬದಲಿಸುತ್ತೇನೆ. ಫಲಿತಾಂಶ ಗೊತ್ತಾದ ಮೇಲೆ ‘ನನಗೆ ಮೊದಲೇ ಗೊತ್ತಿತ್ತು’ ಎಂದು ನೆನಪು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಇದನ್ನು ಬರೂಕ್ ಫಿಶ್‌ಹಾಫ್ 1975ರಲ್ಲೇ ತೋರಿಸಿದ್ದಾರೆ. ಆ ದಿನ ನಿಮಗೆ ಗೊತ್ತಿದ್ದದ್ದು ಎಷ್ಟು ಎಂಬುದಕ್ಕೆ ಈ ಟಿಪ್ಪಣಿಯೊಂದೇ ಸಾಕ್ಷಿ. ಒಳ್ಳೆಯ ತೀರ್ಮಾನಕ್ಕೂ ಕೆಟ್ಟ ಫಲ ಬರಬಹುದು, ಅವಿವೇಕದ ತೀರ್ಮಾನ ಅದೃಷ್ಟದಿಂದ ಗೆಲ್ಲಬಹುದು. ಎರಡನ್ನೂ ಬಿಡಿಸಿ ನೋಡಲು ಬೇರೆ ದಾರಿ ಇಲ್ಲ. ಕ್ಯಾಲೆಂಡರ್‌ನಲ್ಲಿ ಆರು ತಿಂಗಳ ನಂತರದ ಒಂದು ದಿನಕ್ಕೆ ಗುರುತು ಹಾಕಿ, ಅಲ್ಲಿಯವರೆಗೆ ಆ ಟಿಪ್ಪಣಿಯನ್ನು ತೆರೆಯಬೇಡಿ.